ಪಾರ್ಲೆಯಿಂದ ನೃಪತುಂಗನವರೆಗೆ

ವಿಲೆ ಪಾರ್ಲೆಯಲ್ಲಿ ಸೈಕಲ್ ತುಳಿಯುವವರು ಎರಡೇ ಬಗೆ: ಪಾವ್ ಮಾರುವವರು, ಡಾಕ್ಟರಿಂದ ಹೇಳಿಸಿಕೊಂಡವರು. ನಾನು ಎರಡನೆಯ ಜಾತಿ. ರಿಕ್ಷಾ, ಬೆಸ್ಟ್ ಬಸ್ಸುಗಳ ನಡುವೆ ನುಸುಳುವಾಗ ನೆನಪಾಗುವುದು ವ್ಯಾಯಾಮವಲ್ಲ, ವಿಮೆಯ ಕಂತು.

"ಗಾಡಿಗಳ ಕಾಟವಿಲ್ಲದ ಗುಡ್ಡಗಾಡಿಗೆ ಹೋಗಿ ಸೈಕಲ್ ಹೊಡೆಯೋಣ" ಎಂದೆ.

"ಸ್ವಿಟ್ಜರ್ಲೆಂಡಿಗಾ?" ಮಡದಿಯ ಕಣ್ಣರಳಿತು.

"ಅಲ್ಲ ಮಾರಾಯ್ತಿ, ಬೊರಿವಲಿಗೆ!"

ಸ್ಲೋ ಲೋಕಲ್ ಹಿಡಿದರೆ ಸಾಕು, ನೂರಕ್ಕೂ ಹೆಚ್ಚು ಚದರ ಕಿಲೋಮೀಟರ್ ಕಾಡು: ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ. ಬಾಡಿಗೆ ಸೈಕಲ್ ಸಿಗುತ್ತದೆ. ಕನ್ಹೇರಿ ಗುಹೆಗಳಿಗೆ ಸುಮಾರು 6 ಕಿಲೋಮೀಟರ್. ಸಿಗ್ನಲ್ ಇಲ್ಲ, ಬೈಗುಳವಿಲ್ಲ. ಹಿಂದಿನಿಂದ ಓವರ್‌ಟೇಕ್ ಮಾಡಬಹುದಾದದ್ದು ಚಿರತೆ. ಅದು ಹಾರ್ನ್ ಹಾಕುವುದಿಲ್ಲ.

ಏರು ಬಂತು. ನಾನು ಸೈಕಲ್ ಹತ್ತಿದ್ದು ಹೋಗಿ, ಸೈಕಲ್ಲೇ ನನ್ನನ್ನು ಹತ್ತಿದಂತಾಯಿತು. ತಳ್ಳುತ್ತಾ ಗುಹೆ ಮುಟ್ಟಿ, ಏದುಸಿರಿನಲ್ಲೇ ಪಾಂಡಿತ್ಯ ಮೆರೆದೆ: "ಗೊತ್ತಾ, ನಮ್ಮ ಅಮೋಘವರ್ಷ ನೃಪತುಂಗನ ಕಾಲದ ಶಾಸನಗಳು ಇಲ್ಲಿವೆ. 9ನೇ ಶತಮಾನ!"

"ಕೆತ್ತಿದವರು ಸೈಕಲ್ಲಿನಲ್ಲಿ ಬಂದಿರಲಿಕ್ಕಿಲ್ಲ ಬಿಡಿ. ಇಲ್ಲವಾದರೆ ಉಳಿ ಎತ್ತಲು ತ್ರಾಣ ಎಲ್ಲಿರುತ್ತಿತ್ತು?"

ಮಾತು ಮರೆಸಲು ಪಾರ್ಲೆ-ಜಿ ಪೊಟ್ಟಣ ತೆಗೆದೆ. 2016ರಲ್ಲಿ ನಮ್ಮೂರ ಬಿಸ್ಕತ್ತಿನ ಕಾರ್ಖಾನೆ ಮುಚ್ಚಿ ಪರಿಮಳ ಹೋಯಿತು, ಚಟ ಮಾತ್ರ ಉಳಿದಿದೆ. ಅಷ್ಟರಲ್ಲಿ ಒಂದು ಮಂಗ ಪೊಟ್ಟಣ ಕಸಿದು ಮರವೇರಿತು.

ಸಕ್ಕರೆ ಬಿಡಿ ಎಂದು ಡಾಕ್ಟರು ವರ್ಷದಿಂದ ಹೇಳುತ್ತಿದ್ದರು. ಬಿಡಿಸಿದ್ದು ಮಂಗ, ಅದೂ ಫೀಸಿಲ್ಲದೆ.