ಎರಡು ಸೆಲ್ಲು, ಒಂದು ಕಿಂಡಿ: ಗ್ಯಾಸ್ ಗೀಸರ್ ಜೊತೆ ಮಾತುಕತೆ

ಚಳಿ ಬಂತು. ಅವರೆಕಾಯಿ ಬಂತು. ಆ ಸುದ್ದಿಯೂ ಬಂತು. ಯಾವ ಸುದ್ದಿ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಬಡಾವಣೆಯ ಹೆಸರು, ಸತ್ತವರ ವಯಸ್ಸು ಬದಲಾಗುತ್ತವೆ, ಮಿಕ್ಕ ವಾಕ್ಯಗಳು ಹೋದ ವರ್ಷದವೇ. ಸ್ನಾನಕ್ಕೆ ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ, ಕೂಗಿದರೆ ಉತ್ತರವಿಲ್ಲ, ಬಾಗಿಲು ಒಡೆಯಲಾಯಿತು. ಆರೋಪಿ ಪ್ರತಿ ಸಲವೂ ಒಬ್ಬರೇ, ಗ್ಯಾಸ್ ಗೀಸರ್. ಅವರ ಹೇಳಿಕೆಯನ್ನು ಮಾತ್ರ ಈವರೆಗೆ ಯಾರೂ ತೆಗೆದುಕೊಂಡಂತಿಲ್ಲ. ಬೆಂಗಳೂರಿನ ಒಂದು ಬಾಡಿಗೆ ಮನೆ, ಮೂರನೇ ಮಹಡಿ, ಬಚ್ಚಲಲ್ಲಿ ಮಗುಚಿದ ಬಕೆಟ್ಟಿನ ಮೇಲೆ ಕೂತು ನಡೆಸಿದ ಸಂದರ್ಶನ ಇದು. ಬಾಗಿಲು ತೆರೆದೇ ಇಟ್ಟುಕೊಂಡಿದ್ದೆ.

ನಾನು: ನಮಸ್ಕಾರ. ನಿಮ್ಮ ಮೇಲೆ ಗಂಭೀರ ಆರೋಪಗಳಿವೆ.

ಗೀಸರ್: ಆರೋಪ ಇರ್ಲಿ ಸಾರ್, ಮೊದಲು ಸೆಲ್ಲಿನ ವಿಷಯ ಬರ್ಕೊಳ್ಳಿ. ನನಗೆ ಬೇಕಿರೋದು ಒಂದೂವರೆ ವೋಲ್ಟಿನ ಎರಡು ದಪ್ಪ ಸೆಲ್ಲು. ನಲ್ಲಿ ತಿರುಗಿಸಿದರೆ ನೀರಿನ ಒತ್ತಡಕ್ಕೆ ಒಳಗಿರೋ ರಬ್ಬರ್ ತಟ್ಟೆ ಉಬ್ಬುತ್ತೆ, ಸ್ವಿಚ್ ಒತ್ತುತ್ತೆ, ಟಿಕ್ ಟಿಕ್ ಟಿಕ್ ಅಂತ ಕಿಡಿ ಹಾರುತ್ತೆ, ಗ್ಯಾಸ್ ಹೊತ್ತಿಕೊಳ್ಳುತ್ತೆ. ನನ್ನ ಜಾತಕ ಇಷ್ಟೇ. ಈ ಮನೆಯೋರು ಏನ್ ಮಾಡ್ತಾರೆ ಗೊತ್ತಾ? ಒಂದು ಹೊಸಾ ಸೆಲ್ಲು, ಒಂದು ಹಳೇದು. ಹಳೇದನ್ನ ಬಿಸಿಲಿಗಿಟ್ಟು ಒಣಗಿಸ್ತಾರೆ, ಹಪ್ಪಳದ ಹಾಗೆ! ಆಮೇಲೆ ಕಿಡಿ ಹಾರಲಿಲ್ಲ ಅಂತ ನನ್ನ ಕಪಾಳಕ್ಕೇ ಬಾರಿಸ್ತಾರೆ.

ನಾನು: ಈ ಮನೆಗೆ ಅಡ್ವಾನ್ಸ್ ಎಷ್ಟು ಕೊಟ್ಟಿದ್ದಾರೆ?

ಗೀಸರ್: ನನಗೇನು ಗೊತ್ತು ಸಾರ್? ನನ್ನನ್ನ ಮೊಳೆಗೆ ನೇತು ಹಾಕಿದ್ದಾರೆ, ಅಗ್ರಿಮೆಂಟ್ ತೋರಿಸಿಲ್ಲ.

ನಾನು: ಹತ್ತು ತಿಂಗಳದ್ದು ಇರುತ್ತೆ ಬಿಡಿ. 2021ರಲ್ಲಿ ಕೇಂದ್ರ ಸರ್ಕಾರ ತಂದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಕೂಡದು ಅಂತಿದೆ. ನಮ್ಮೂರಿನ ಓನರ್‌ಗಳು ಅದನ್ನು ಹಾಸ್ಯಲೇಖನ ಅಂದುಕೊಂಡಿದ್ದಾರೆ. ಖಾಲಿ ಮಾಡುವ ದಿನ ‘ಪೇಂಟಿಂಗ್’ ಅಂತ ಒಂದು ತಿಂಗಳದ್ದು ಮುರಿದುಕೊಂಡು...

ಗೀಸರ್: ಸಂದರ್ಶನ ನನ್ನದೋ ನಿಮ್ಮದೋ?

ನಾನು: ಕ್ಷಮಿಸಿ. ಕರೆಂಟ್ ಗೀಸರ್, ಸೋಲಾರ್, ಇವರನ್ನೆಲ್ಲ ಜನ ಮೆಚ್ಚುತ್ತಾರಲ್ಲ, ಹೊಟ್ಟೆಕಿಚ್ಚಿಲ್ಲವೇ?

ಗೀಸರ್: ಅವರ ಪಾಡಿಗೆ ಅವರು. ಸೋಲಾರ್ ದೊಡ್ಡ ಮನುಷ್ಯ, ಮೋಡ ಕವಿದರೆ ರಜೆ ಹಾಕ್ತಾನೆ. ಈ ಬಿಲ್ಡಿಂಗಿನ ತಾರಸಿ ಮೇಲೂ ಇದಾನೆ, ಆದರೆ ಅವನ ಪೈಪು ಇಳಿಯೋದು ಓನರ್ ಮನೆಗೆ ಮಾತ್ರ.

ನಾನು: ನೋಡಿದಿರಾ! ಬೆಸ್ಕಾಂ ಬಿಲ್ಲಿನಲ್ಲಿ ಸೋಲಾರ್ ರಿಯಾಯಿತಿ ಅವರಿಗೆ, ಬಿಸಿನೀರು ಅವರಿಗೆ, ಬಾಡಿಗೆಯವರಿಗೆ ನೀವು!

ಗೀಸರ್: ಅದಕ್ಕೇ ಹೇಳಿದ್ದು, ನನಗೆ ಎರಡೂ ಸೆಲ್ಲು ಹೊಸದಾಗಿದ್ದರೆ...

ನಾನು: ಸೆಲ್ಲು ಬಿಡಿ. ಜನ ಸಾಯುತ್ತಿದ್ದಾರೆ.

ಗೀಸರ್: ...ಸರಿ, ಲೆಕ್ಕ ಕೇಳಿ. ನಾನು ನಿಮಿಷಕ್ಕೆ 6 ಲೀಟರ್ ನೀರು ಕಾಯಿಸೋನು. ಒಂದು ಗಂಟೆ ಉರಿದರೆ ಹತ್ತಿರ ಹತ್ತಿರ ಒಂದು ಕೆಜಿ ಗ್ಯಾಸ್ ಬೇಕು. ಒಂದು ಕೆಜಿ ಗ್ಯಾಸ್ ಪೂರ್ತಿ ಉರಿಯೋಕೆ ಸುಮಾರು 15 ಕೆಜಿ ಗಾಳಿ ಬೇಕು. ಈ ಬಚ್ಚಲು 4 ಅಡಿ ಅಗಲ, 6 ಅಡಿ ಉದ್ದ, 8 ಅಡಿ ಎತ್ತರ. ಬಾಗಿಲು ಹಾಕಿದರೆ ಒಳಗಿರೋ ಗಾಳಿಯನ್ನೆಲ್ಲ ತಕ್ಕಡಿಗೆ ಹಾಕಿದರೂ 6 ಕೆಜಿ ತೂಗುತ್ತೆ ಅಷ್ಟೇ. ಅದರಲ್ಲೇ ನಾನು ಉಸಿರಾಡಬೇಕು, ಸ್ನಾನ ಮಾಡೋರೂ ಉಸಿರಾಡಬೇಕು. ಆಮ್ಲಜನಕ ಸ್ವಲ್ಪ ತಗ್ಗುತ್ತಿದ್ದ ಹಾಗೇ ನನ್ನ ಉರಿ ಅರೆಬರೆ ಆಗುತ್ತೆ, ಕಾರ್ಬನ್ ಮೊನಾಕ್ಸೈಡ್ ಬಿಡೋಕೆ ಶುರು ಮಾಡ್ತೀನಿ. ನಾನು ಬೇಕು ಅಂತ ಬಿಡಲ್ಲ ಸಾರ್. ನೀರು ಹರಿಯೋ ತನಕ ಉರೀಬೇಕು ಅನ್ನೋದೊಂದೇ ನನಗೆ ಗೊತ್ತಿರೋದು.

ನಾನು: ಗೋಡೆಯ ಮೇಲೆ ಕಿಂಡಿ ಇದೆಯಲ್ಲ?

ಗೀಸರ್: ಇತ್ತು. ನೋಡಿ, ರಟ್ಟು, ಅದರ ಮೇಲೆ ಪ್ಲಾಸ್ಟಿಕ್, ಅದರ ಮೇಲೆ ಟೇಪು. ಇದನ್ನ ಮುಚ್ಚಿದ್ದು ನಿಮ್ಮ ಓನರ್ ಅಲ್ಲ, ಮನೆಯೋರೇ. ಸೊಳ್ಳೆ ಬರುತ್ತಂತೆ, ಚಳಿ ಹೊಡೆಯುತ್ತಂತೆ, ಎದುರು ಬಿಲ್ಡಿಂಗಿನೋರು ನೋಡ್ತಾರಂತೆ.

ನಾನು: ಎದುರು ಬಿಲ್ಡಿಂಗ್ ಮೂರಡಿ ಬಿಟ್ಟು ಕಟ್ಟಿದರೆ ಮುಚ್ಚದೆ ಇನ್ನೇನು ಮಾಡುತ್ತಾರೆ? ಎಕ್ಸಾಸ್ಟ್ ಫ್ಯಾನ್ ಹಾಕಿಸಬಹುದಿತ್ತಲ್ಲ?

ಗೀಸರ್: ಬಾಗಿಲಡಿಯ ಸಂದಿಗೂ ಬಟ್ಟೆ ತುರುಕಿ ಫ್ಯಾನ್ ಹಾಕಿದರೆ ಅದು ಎಲ್ಲಿಂದ ಗಾಳಿ ಎಳೆಯುತ್ತೆ ಸಾರ್? ಹೊಗೆಕೊಳವೆ ಇದ್ದರೆ ಅದರಲ್ಲಿ ಹೊರಗೆ ಹೋಗಬೇಕಾದ್ದನ್ನೇ ವಾಪಸ್ ಒಳಗೆ ಎಳೆದುಕೊಂಡರೂ ಎಳೆದುಕೊಂಡಿತೇ. ಗಾಳಿ ಬರೋಕೆ ಒಂದು ದಾರಿ, ಹೋಗೋಕೆ ಒಂದು ದಾರಿ, ಎರಡೂ ಬೇಕು. ಈಗ ಸೆಲ್ಲಿನ ವಿಷಯಕ್ಕೆ ಬರೋಣ...

ಇಲ್ಲಿ ನಾನು ಪೆನ್ನು ಕೆಳಗಿಟ್ಟೆ. ತಮಾಷೆ ಸಾಕು. ಪ್ರತಿ ಸಾವಿನ ಮಾರನೇ ದಿನವೂ ‘ಗೀಸರ್ ಅನಿಲ ಸೋರಿಕೆ’ ಎಂದು ಸುದ್ದಿ ಬರುತ್ತದೆ. ಓದಿದವರು ಏನು ಮಾಡುತ್ತಾರೆ? ರಬ್ಬರ್ ಪೈಪು ಮುಟ್ಟಿ ನೋಡುತ್ತಾರೆ, ಮೂಸುತ್ತಾರೆ, ವಾಸನೆ ಇಲ್ಲ, ಸದ್ಯ ನಮ್ಮದು ಸರಿಯಿದೆ ಎಂದು ಮಗುವನ್ನು ಒಳಗೆ ಕಳಿಸಿ ಬಾಗಿಲು ಹಾಕಿಕೊಳ್ಳಲು ಹೇಳುತ್ತಾರೆ. ಸಿಲಿಂಡರ್ ಗ್ಯಾಸು ಸೋರಿದರೆ ಮೂಗಿಗೆ ಬಡಿಯುತ್ತದೆ. ಬಡಿಯಲೆಂದೇ ಅದಕ್ಕೆ ಮರ್ಕ್ಯಾಪ್ಟನ್ ಬೆರೆಸಿರುತ್ತಾರೆ. ಮುಚ್ಚಿದ ಬಚ್ಚಲಿನಲ್ಲಿ ಕೊಲ್ಲುವುದು ಬಹುಮಟ್ಟಿಗೆ ಸೋರಿದ ಗ್ಯಾಸಲ್ಲ, ಉರಿದ ಗ್ಯಾಸು. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ವಾಕರಿಕೆ, ಕಾಲಲ್ಲಿ ಬಲವಿಲ್ಲದಂತಾಗುವುದು. ಎದ್ದು ಚಿಲಕ ತೆಗೆಯಬೇಕು ಎಂದು ಹೊಳೆಯುವ ಹೊತ್ತಿಗೆ ಕೈ ಏಳುವುದಿಲ್ಲ. ಹೊರಗೆ ಎತ್ತಿ ತಂದವರು ಕೊರೊನಾ ಕಾಲದಲ್ಲಿ ಕೊಂಡ ಆಕ್ಸಿಮೀಟರನ್ನು ಬೆರಳಿಗೆ ಸಿಕ್ಕಿಸಿದರೆ ಅದು 98 ತೋರಿಸಬಹುದು. ಆ ಪುಟ್ಟ ಯಂತ್ರಕ್ಕೆ ಈ ವಿಷಕ್ಕೂ ಆಮ್ಲಜನಕಕ್ಕೂ ವ್ಯತ್ಯಾಸ ತಿಳಿಯದು. ಅಂಕಿ ನೋಡಿ ಸಮಾಧಾನಪಟ್ಟು ಮಂಚದ ಮೇಲೆ ಮಲಗಿಸುವುದಲ್ಲ, ತಡಮಾಡದೆ ಆಸ್ಪತ್ರೆಗೆ ಒಯ್ದು ಆಮ್ಲಜನಕ ಕೊಡಿಸಬೇಕು.

ಇದು ಯಾವುದೂ ಹೊಸ ಸಂಶೋಧನೆಯಲ್ಲ. ಗೀಸರ್ ಡಬ್ಬದೊಳಗಿನ ಕಾಗದದಲ್ಲಿ ಗಾಳಿಯಾಡುವ ಜಾಗದಲ್ಲೇ ಹಾಕಿ ಎಂದಿರುತ್ತದೆ. ಬಚ್ಚಲಿಗೆ ಹೊರಗಾಳಿ ಇರಬೇಕೆಂದು ಕಟ್ಟಡದ ನಿಯಮಗಳು ಹೇಳುತ್ತವೆ. ಮಾರಿದವನಿಗೆ ಗೊತ್ತು, ಡ್ರಿಲ್ ಹಿಡಿದು ಬಂದ ಹುಡುಗನಿಗೆ ಗೊತ್ತು, ನಕ್ಷೆಗೆ ಸಹಿ ಹಾಕಿದವರಿಗೂ ಗೊತ್ತು. ಗೊತ್ತಿಲ್ಲದೆ ಇದ್ದದ್ದು ಒಳಗೆ ತಲೆಗೆ ಸೀಗೆಪುಡಿ ಹಚ್ಚಿಕೊಂಡು ಕೂತಿದ್ದವಳಿಗೆ ಮಾತ್ರ. ಇಷ್ಟಾಗಿಯೂ ಪ್ರತಿ ಚಳಿಗಾಲಕ್ಕೂ ಇದನ್ನು ‘ದುರಂತ’ ಎಂದು ಬರೆದು ಕೈತೊಳೆದುಕೊಳ್ಳುತ್ತೇವಲ್ಲ, ನಾಚಿಕೆಯಾಗಬೇಕು.

ಗೀಸರ್ ಸ್ವಲ್ಪ ಹೊತ್ತು ಸುಮ್ಮನಿತ್ತು. ಸಂದರ್ಶನ ಮುಂದುವರಿಸಿದೆ.

ನಾನು: ನಿಮ್ಮನ್ನು ಎಲ್ಲಿ ನೇತು ಹಾಕಬೇಕಿತ್ತು?

ಗೀಸರ್: ಹೊರಗೆ ಸಾರ್. ಬಟ್ಟೆ ಒಗೆಯೋ ಯುಟಿಲಿಟಿಯಲ್ಲೋ ಬಾಲ್ಕನಿಯಲ್ಲೋ. ಬಿಸಿನೀರಿನ ಪೈಪು ಮಾತ್ರ ಒಳಗೆ ಬರಲಿ. ನಾನೇ ಒಳಗೆ ಬರಬೇಕಾ?

ನಾನು: ಹೊರಗೆ ಹಾಕುವವರೆಗೆ?

ಗೀಸರ್: ಬಾಗಿಲು ತೆಗೆದಿಟ್ಟು ಬಕೆಟ್ ತುಂಬಿಸಿಕೊಳ್ಳಲಿ, ನನ್ನನ್ನ ಆರಿಸಲಿ, ಸ್ವಲ್ಪ ಹೊತ್ತು ಗಾಳಿ ಆಡಲಿ, ಆಮೇಲೆ ಬಾಗಿಲು ಹಾಕಿಕೊಳ್ಳಲಿ. ಷವರ್ ಕೆಳಗೆ ಅರ್ಧ ಗಂಟೆ ನಿಂತು ಹಾಡು ಹೇಳೋ ಶೋಕಿ ನನ್ನ ಹತ್ತಿರ ಬೇಡ. ಒಬ್ಬರಾದ ಮೇಲೆ ಒಬ್ಬರು ಸಾಲಾಗಿ ಸ್ನಾನ ಮಾಡೋ ಹಬ್ಬದ ದಿನ ಇನ್ನೂ ಹುಷಾರು, ಮೊದಲಿನೋರು ಬಿಟ್ಟ ಗಾಳಿಯೇ ಕಡೆಯೋರಿಗೆ ಸಿಗೋದು. ನನ್ನ ಉರಿ ನೀಲಿಯಾಗಿರಬೇಕು. ಹಳದಿಗೆ ತಿರುಗಿತು, ಮೇಲುಗಡೆ ಮಸಿ ಕಟ್ಟಿತು ಅಂದ್ರೆ ಕಪಾಳಕ್ಕೆ ಹೊಡೆಯೋದಲ್ಲ, ರಿಪೇರಿಯೋರನ್ನ ಕರೆಸೋದು. ಗ್ಯಾಸಿನ ವಾಸನೆಯೇ ಬಂತು ಅಂದ್ರೆ ಅದು ಬೇರೆ ಕಥೆ. ಆ ಗ್ಯಾಸು ಗಾಳಿಗಿಂತ ಭಾರ, ನೆಲದ ಮೇಲೆ ಹರಡಿಕೊಳ್ಳುತ್ತೆ. ಲೈಟ್ ಹಾಕಬಾರದು, ಆರಿಸಲೂ ಬಾರದು. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆಗೆದು, ಹೊರಗೆ ಹೋಗಿ 1906ಕ್ಕೆ ಫೋನ್ ಮಾಡಬೇಕು.

ನಾನು: ಇಷ್ಟೆಲ್ಲ ತಿಳಿದವರು ಮೊದಲೇ ಏಕೆ ಬಾಯಿ ಬಿಡಲಿಲ್ಲ?

ಗೀಸರ್: ಟಿಕ್ ಟಿಕ್ ಅನ್ನೋದು ಬಿಟ್ಟರೆ ನನಗೆ ಬಾಯಿ ಎಲ್ಲಿದೆ? ಅದಕ್ಕೂ ಸೆಲ್ಲು ಬೇಕು.

ನಾನು: ಹೊರಗೆ ಹಾಕಿಸೋಣ ಅಂದರೆ ಪೈಪಿಗೆ ಗೋಡೆ ಕೊರೆಯಬೇಕು. ಅಗ್ರಿಮೆಂಟಿನಲ್ಲಿ ‘ಗೋಡೆಗೆ ಮೊಳೆ ಹೊಡೆಯತಕ್ಕದ್ದಲ್ಲ’ ಅಂತ ಇರುತ್ತೆ. ಹತ್ತು ತಿಂಗಳ ಅಡ್ವಾನ್ಸು ಓನರ್ ಕೈಲಿ. ತೂತು ಕಂಡರೆ...

ಗೀಸರ್: ಒಂದು ತೂತಿಗೆ ಎಷ್ಟು ಮುರಿದುಕೊಳ್ತಾರೆ ಸಾರ್?

ನಾನು: ಹೆಚ್ಚೆಂದರೆ ಒಂದು ತಿಂಗಳದ್ದು. ಹೇಗೂ ಪೇಂಟಿಂಗ್ ಅಂತ ಹೋಗುವ ದುಡ್ಡೇ.

ಗೀಸರ್: ಮತ್ತೆ ಇಷ್ಟು ಹೊತ್ತು ನನ್ನ ತಲೆ ಯಾಕೆ ತಿಂದ್ರಿ? ಕೊರೆಸಿ. ಮೊದಲು ಕೊರೆಸಿ, ಆಮೇಲೆ ಓನರ್ ಜೊತೆ ಜಗಳ ಆಡಿ.