ಆಸಮ್ ಉಪ್ಪಿಟ್ಟು

ನಮ್ಮ ಕಾಲದಲ್ಲಿ ಇಂಗ್ಲಿಷಿನಲ್ಲಿ ಮೆಚ್ಚಿಕೊಳ್ಳಲು ‘ಗುಡ್’, ‘ವೆರಿ ಗುಡ್’ ಎರಡೇ ಇದ್ದವು. ಕಾಪಿ ಪುಸ್ತಕದ ಅಂಚಿನಲ್ಲಿ ಮೇಷ್ಟ್ರ ಕೆಂಪು ಶಾಯಿಯ ‘ವೆರಿ ಗುಡ್’ ಬಿದ್ದರೆ ಬೀದಿಯವರಿಗೆಲ್ಲ ತೋರಿಸಿ ಬರುತ್ತಿದ್ದೆವು. ಈಗ ಮೊಮ್ಮಗಳು ಹೇಳುತ್ತಾಳೆ: “ತಾತ, ಬರೀ ವೆರಿ ಗುಡ್ ಅಂದ್ರೆ ಬೇಜಾರು ಮಾಡ್ಕೋತಾರೆ. ಫೆಂಟಾಸ್ಟಿಕ್ ಅನ್ಬೇಕು.”

ಸರಿ, ಕಲಿಯೋಣವೆಂದು ಕೂತೆ. ಅಮೇಜಿಂಗ್, ಫ್ಯಾಬುಲಸ್, ಮಾರ್ವಲಸ್, ಬ್ರೆತ್‌ಟೇಕಿಂಗ್. ಈ ಕೊನೆಯದನ್ನು ನನ್ನ ವಯಸ್ಸಿನವರು ಡಾಕ್ಟರ ಹತ್ತಿರ ಹೇಳಿಕೊಳ್ಳುವುದೇ ವಾಸಿ. ಇವುಗಳ ಮಡಿಯೂ ಜೋರು, ‘ವೆರಿ’ ಮುಟ್ಟುವಂತಿಲ್ಲ. ವೆರಿ ಗುಡ್ ಸರಿ, ವೆರಿ ಫೆಂಟಾಸ್ಟಿಕ್ ತಪ್ಪು. ‘ಆಬ್ಸಲ್ಯೂಟ್ಲಿ’ಯೇ ಆಗಬೇಕು. ನಮ್ಮ ‘ಸಿಕ್ಕಾಪಟ್ಟೆ’ಗೆ ಇಂಥ ಜಂಬವಿಲ್ಲ, ಚಂದ, ಬಿಸಿಲು, ಸಾಲ, ಎಲ್ಲದರ ಮುಂದೂ ನಿಲ್ಲುತ್ತದೆ.

‘ಆಫುಲ್’, ‘ಆಸಮ್’ ಎರಡರ ಬೇರೂ ಒಂದೇ. ದೇವರ ಮುಂದೆ ಹುಟ್ಟುವ ಭಯಭಕ್ತಿಯಿಂದ ಬಂದವು. ಆಮೇಲೆ ಆಫುಲ್ ಕೆಟ್ಟಿತು, ಆಸಮ್ ಉದ್ಧಾರವಾಯಿತು. ‘ಟೆರಿಫಿಕ್’ ಕಥೆ ಇನ್ನೂ ಸ್ವಾರಸ್ಯ. 1667ರಲ್ಲಿ ಬಂದ ‘ಪ್ಯಾರಡೈಸ್ ಲಾಸ್ಟ್’ನಲ್ಲಿ ಮಿಲ್ಟನ್ ಅದನ್ನು ಬಳಸಿದ್ದು ಹಾವಿನ ವರ್ಣನೆಗೆ, ಹೆದರಿಕೆ ಹುಟ್ಟಿಸುವಂಥದ್ದು ಎಂಬ ಅರ್ಥದಲ್ಲಿ. ಇವತ್ತು ಸೊಸೆಯ ಸೀರೆ ಟೆರಿಫಿಕ್ ಎಂದರೆ ಆಕೆ ಥ್ಯಾಂಕ್ಸ್ ಎನ್ನುತ್ತಾಳೆ. ಮಿಲ್ಟನ್ ಕಾಲದ ಸೊಸೆಯಾಗಿದ್ದರೆ ತವರಿಗೆ ಹೊರಟುಬಿಡುತ್ತಿದ್ದಳು.

ಕಲಿತ ಮೇಲೆ ಬಳಸಬೇಕಲ್ಲ. ಮನೆಯವರ ವಾಟ್ಸಾಪ್ ಗುಂಪಿನಲ್ಲಿ ತಂಗಿ ಬೆಳಿಗ್ಗೆ ಉಪ್ಪಿಟ್ಟಿನ ಫೋಟೊ ಹಾಕಿದಳು. ಒಗ್ಗರಣೆಯ ಕರಿಬೇವು ತುಸು ಸೀದಿತ್ತು, ತಟ್ಟೆಯ ಅಂಚಿನಲ್ಲೊಂದು ನಿಂಬೆಹೋಳು. ಕಣ್ಣು ಮಿಟುಕಿಸುವುದರೊಳಗೆ ಆಸಮ್, ಸೂಪರ್ಬ್, ಮೈಂಡ್‌ಬ್ಲೋಯಿಂಗ್! ಮಧ್ಯಾಹ್ನ ಭಾವಮೈದ ಜೋಗದಿಂದ ಫೋಟೊ ಕಳಿಸಿದ. ಮಳೆಗಾಲದ ಶರಾವತಿ, ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಮೈತುಂಬಿ 253 ಮೀಟರ್ ಆಳಕ್ಕೆ ಧುಮುಕುತ್ತಿವೆ. ಗುಂಪು ಅದಕ್ಕೂ ಆಸಮ್ ಎಂದಿತು. ಉಪ್ಪಿಟ್ಟಿಗಿಂತ ಜೋಗಕ್ಕೆ ಗುಲಗಂಜಿಯಷ್ಟೂ ಹೆಚ್ಚು ಸಿಗಲಿಲ್ಲ. ಪಾಪ, ಇನ್ನೇನು ಉಳಿದಿತ್ತು ಕೊಡಲಿಕ್ಕೆ? ಇದ್ದದ್ದೆಲ್ಲ ತಿಂಡಿಯ ಹೊತ್ತಿಗೇ ಖರ್ಚಾಗಿತ್ತು.

ನಾನು ಮಾತ್ರ ಉಪ್ಪಿಟ್ಟಿಗೆ ‘ಗುಡ್’ ಎಂದಷ್ಟೇ ಬರೆದಿದ್ದೆ. ಸಂಜೆ ತಂಗಿ ಫೋನ್ ಮಾಡಿದಳು: “ಯಾಕಣ್ಣ, ನನ್ ಮೇಲೆ ಏನಾದ್ರೂ ಬೇಜಾರಾ?”

ಬಂಧುಗಳಲ್ಲಿ ನನ್ನ ಅರಿಕೆ ಇಷ್ಟೆ. ಉಪ್ಪಿಟ್ಟಿಗೆ ‘ಗುಡ್’ ಸಾಕು, ಗೋಡಂಬಿ ಹಾಕಿದ್ದರೆ ‘ವೆರಿ ಗುಡ್’ ಅನ್ನಿ. ‘ಆಸಮ್’ ಅನ್ನು ಮಳೆಗಾಲದ ಜೋಗಕ್ಕೆಂದು ಎತ್ತಿಡಿ.