ದಾಸವಾಳದ ವರ್ಗಾವಣೆ

ಗೇಟಿನ ಪಕ್ಕದ ದಾಸವಾಳಕ್ಕೂ ನನಗೂ ಜಗಳ ಹತ್ತಿದ್ದು ನಾಮಫಲಕದ ವಿಷಯಕ್ಕೆ. ಸಾಲ ಮಾಡಿ ಕಟ್ಟಿಸಿದ ಮನೆ. ಕರಿ ಗ್ರಾನೈಟಿನ ಮೇಲೆ ಬಂಗಾರದ ಬಣ್ಣದಲ್ಲಿ ನನ್ನ ಹೆಸರು, ಅದರ ಬಾಲಕ್ಕೆ ಬಿ.ಎ. ಗಿಡ ಆಳೆತ್ತರ ಬೆಳೆದು ಹೆಸರನ್ನೆಲ್ಲ ನುಂಗಿ ಡಿಗ್ರಿಯೊಂದನ್ನು ಉಳಿಸಿತ್ತು. ಕೊರಿಯರ್ ಹುಡುಗ "ಬೀಯೇ ಅವ್ರ ಮನೆ ಇದೇನಾ?" ಅಂತ ಕೂಗಿದ ದಿನವೇ ಆರ್ಡರ್ ಹೊರಡಿಸಿದೆ: ಗಿಡ ಹಿತ್ತಲಿಗೆ ವರ್ಗ!

ಏಪ್ರಿಲ್ ಬಿಸಿಲಲ್ಲಿ ತಲೆಗೆ ಟವೆಲ್ ಸುತ್ತಿ ಗುದ್ದಲಿ ಎತ್ತಿದೆ. "ರೀ, ಈ ಬಿಸಿಲಿಗೆ ಸಾಯೋದು ಗ್ಯಾರಂಟಿ" ಅಂದಳು ಹೆಂಡತಿ. ಎಷ್ಟು ಕಾಳಜಿ ಅಂತ ಮೀಸೆ ತಿರುವಿದೆ. ಅವಳು ಹೇಳಿದ್ದು ಗಿಡದ ವಿಷಯ.

"ಮೃಗಶಿರಾ ಮಳೆ ಹುಟ್ಟಲಿ, ಅಳಿಯಂದಿರೇ" ಅಂದರು ಅತ್ತೆ. ಅಂದರೆ ಜೂನ್ 8ರ ಸುಮಾರಿಗೆ, ಅದೂ ಮೋಡ ಕವಿದ ಸಂಜೆ. ನೀರು ಹೀರುವುದು ತುದಿಯ ಎಳೆಬೇರು; ಅಗೆದಾಗ ಮೊದಲು ಹರಿಯುವುದೂ ಅದೇ. ಸುಡುಬಿಸಿಲಲ್ಲಿ ಎಲೆ ಕೇಳುವಷ್ಟು ನೀರನ್ನು ಹರಿದ ಬೇರು ಎಲ್ಲಿಂದ ತರಬೇಕು? ಅದಕ್ಕೇ ತಿಂಗಳು ಮೊದಲೇ ಬುಡದಿಂದ ಒಂದಡಿ ಬಿಟ್ಟು ಸುತ್ತಲೂ ಬೇರು ಕತ್ತರಿಸಿ, ಗಿಡ ಕೀಳದೆ ನೀರು ಹಾಕುತ್ತಿರಬೇಕಂತೆ. ಒಳಗೇ ಹೊಸ ಎಳೆಬೇರು ಹುಟ್ಟುತ್ತದೆ. ನನ್ನ ಸರ್ವೀಸಿನಲ್ಲಿ ಬಂದ ಯಾವ ಟ್ರಾನ್ಸ್‌ಫರಿಗೂ ಇಷ್ಟು ಮುಂಚೆ ನೋಟೀಸು ಸಿಕ್ಕಿರಲಿಲ್ಲ.

ಮಳೆ ಹುಟ್ಟಿತು. ಗಿಡ ಕೀಳುವ ಮೊದಲೇ ಹೊಸ ಗುಂಡಿ ತಯಾರಿರಬೇಕು. ಅಗಲ ಬೇರಿನ ಮಣ್ಣುಂಡೆಯ ಎರಡರಷ್ಟು, ಆಳ ಮಾತ್ರ ಅದರಷ್ಟೇ. ಪೌರುಷ ತೋರಿಸಲು ನಾನು ಸೊಂಟದಾಳ ತೋಡಿದೆ. ಹಾರೆ ಸಂಪಿನ ಪೈಪಿಗೆ ಬಡಿದು ನೀರು ಮುಖಕ್ಕೆ ಚಿಮ್ಮಿತು. "ನೀರಾವರಿ ವ್ಯವಸ್ಥೆ ಚೆನ್ನಾಗಿದೆ!" ಅಂದರು ಕಾಂಪೌಂಡಿನಾಚೆಯ ಮೇಷ್ಟ್ರು. ಪ್ಲಂಬರ್ ಬಂದು ಹೋದ ಮೇಲೆ ತೋಡಿದ್ದರಲ್ಲಿ ಅರ್ಧ ನಾನೇ ಮುಚ್ಚಿದೆ.

ಬೇರು ಕಡಿಮೆಯಾದಷ್ಟು ರೆಂಬೆಯೂ ಕಡಿಮೆಯಾಗಲಿ ಅಂತ ಮೂರನೇ ಒಂದು ಪಾಲು ಸವರಲು ಕತ್ತರಿ ಹಿಡಿದೆ. "ಮೊಗ್ಗಿರೋದನ್ನ ಮುಟ್ಟಬೇಡಿ, ಪೂಜೆಗೆ ಬೇಕು" ಅಂದಳು. ಮೊಗ್ಗಿಲ್ಲದ ರೆಂಬೆ ಹುಡುಕುವಷ್ಟರಲ್ಲಿ ಕತ್ತಲಾಯಿತು.

ಮರುದಿನ ಸಂಜೆ ಎತ್ತುವ ಶಾಸ್ತ್ರ. ಕಾಂಡ ಹಿಡಿದು ಎಳೆದರೆ ಮಣ್ಣು ಉದುರಿ ಬೇರು ಬೆತ್ತಲಾಗುತ್ತದೆ. ಮಣ್ಣುಂಡೆಯ ಅಡಿಗೆ ಗೋಣಿತಾಟು ತೂರಿಸಿ ಎತ್ತಬೇಕು. "ಯಾರೂ ಬೇಡ, ನಾನೊಬ್ಬನೇ ಸಾಕು" ಅಂದೆ. ಕಟಕ್ ಅಂತು. ಗಿಡ ಅಂದುಕೊಂಡೆ, ನನ್ನ ಸೊಂಟ! ಕೊನೆಗೆ ಮಗನೂ ಮೇಷ್ಟ್ರೂ ಗೋಣಿಯ ತುದಿ ಹಿಡಿದರು. ಗಿಡದ ಮೆರವಣಿಗೆ ಮುಂದೆ, ಗೋಡೆ ಹಿಡಿದುಕೊಂಡು ನಾನು ಹಿಂದೆ.

ನೆಟ್ಟ ವಾರದೊಳಗೆ ಎಲೆ ಹಳದಿಯಾಗಿ ಉದುರತೊಡಗಿತು. "ಕೊಂದ್ರಿ!" ಅಂದಳು. ಅತ್ತೆ ಉಗುರಿನಿಂದ ತೊಗಟೆ ಕೆರೆದರು, ಒಳಗೆ ಹಸಿರು. ನೀರಿನ ಖರ್ಚು ತಗ್ಗಿಸಲು ಗಿಡವೇ ಎಲೆ ಉದುರಿಸುತ್ತದಂತೆ. ಗಿಡಕ್ಕೆ ತೆಂಗಿನ ಗರಿಯ ನೆರಳು, ಬುಡಕ್ಕೆ ಒಣಗಿದೆಲೆಯ ಹೊದಿಕೆ, ಹೊತ್ತಿಗೆ ಸರಿಯಾಗಿ ನೀರು. ಹೊಸ ಚಿಗುರು ಬರುವ ತನಕ ಗೊಬ್ಬರ ಮಾತ್ರ ಬೇಡ. ನಾನು ಒಳಗೆ ಬೋರಲು ಮಲಗಿ ಕಾಫಿ ಅಂತ ಕೂಗಿದರೆ "ಇರಿ, ಗಿಡಕ್ಕೆ ನೀರು ಹಾಕಿ ಬರ್ತೀನಿ" ಅನ್ನುವ ಉತ್ತರ.

ನಿಮ್ಮ ಮನೆಯಲ್ಲೂ ಎತ್ತಬೇಕಾದ ಗಿಡವೊಂದು ಇದ್ದೇ ಇರುತ್ತದೆ. ಮಳೆ ಹುಟ್ಟುವ ತನಕ ಕಾಯಿರಿ, ಗುಂಡಿ ಮೊದಲು ತೋಡಿ, ಮಣ್ಣುಂಡೆಯನ್ನು ಅಡಿಯಿಂದ ಎತ್ತಿ. ಎಲ್ಲಕ್ಕಿಂತ ಮುಖ್ಯವಾಗಿ ಕೂಲಿಯವರನ್ನು ಕರೆಯಿರಿ. ಅವರ ಕೂಲಿ ಮೂಳೆ ಡಾಕ್ಟರ ಫೀಸಿಗಿಂತ ಕಡಿಮೆ.